ಹೋಗುವುದಕ್ಕೆ ಹಣವಿದೆ, ಮರಳುವುದಕ್ಕೆ ಇಲ್ಲ

ವಿಯೆಟ್ನಾಮಿನ ವಕೀಲ ಲೆ ಕ್ವಾಕ್ ಕ್ವಾನ್ 2007ರ ಮಾರ್ಚ್ ತಿಂಗಳಲ್ಲಿ ವಾಷಿಂಗ್ಟನ್‌ನಿಂದ ತಮ್ಮ ದೇಶಕ್ಕೆ ಮರಳಿದರು. ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ ಎಂಬ ಸಂಸ್ಥೆ ನಡೆಸುವ ರೇಗನ್–ಫ್ಯಾಸೆಲ್ ಫೆಲೋಶಿಪ್ ಪಡೆದು, ನಾಗರಿಕ ಸಂಘಟನೆಗಳ ಪಾತ್ರವನ್ನು ಕುರಿತು ಅಧ್ಯಯನ ಮುಗಿಸಿ ಬಂದವರು ಅವರು. ಬಂದ ನಾಲ್ಕೇ ದಿನಕ್ಕೆ ಪೊಲೀಸರು ಅವರನ್ನು ಹಿಡಿದುಕೊಂಡು ಹೋದರು. ಸರ್ಕಾರವನ್ನು ಉರುಳಿಸುವ ಚಟುವಟಿಕೆಯಲ್ಲಿ ತೊಡಗಿದ್ದಾರೆಂಬುದು ಆರೋಪ. ಸೆನೆಟರ್ ಜಾನ್ ಮೆಕೇನ್, ಅಮೆರಿಕದ ಮಾಜಿ ವಿದೇಶಾಂಗ ಸಚಿವೆ ಮೆಡಲಿನ್ ಆಲ್‌ಬ್ರೈಟ್ ಅವರಂಥವರು ದನಿಯೆತ್ತಿದ ಮೇಲೆ, ಸುಮಾರು ನೂರು ದಿನಗಳ ಸೆರೆವಾಸ ಕಳೆದು ಬಿಡುಗಡೆಯೇನೋ ಆಯಿತು. ವಕೀಲಿಕೆಯ ಸನ್ನದು ಮಾತ್ರ ಹೋಯಿತು. 2012ರ ಕೊನೆಯಲ್ಲಿ ತೆರಿಗೆ ವಂಚನೆಯ ಹೆಸರಿನಲ್ಲಿ ಅವರನ್ನು ಮತ್ತೆ ಬಂಧಿಸಲಾಯಿತು, ಮರುವರ್ಷ ಮೂವತ್ತು ತಿಂಗಳ ಶಿಕ್ಷೆಯೂ ಆಯಿತು.

ಪ್ರಜಾಪ್ರಭುತ್ವದ ಸುಧಾರಣೆಗೆ ದುಡಿಯುವ ಉದಯೋನ್ಮುಖ ನಾಯಕರಿಗೆಂದೇ ಮೀಸಲಾದ ಅಂತರರಾಷ್ಟ್ರೀಯ ಫೆಲೋಶಿಪ್‌ಗಳ ಪ್ರಕಟಣೆಗಳನ್ನು ಓದುವಾಗಲೆಲ್ಲ ನನಗೆ ಆ ನಾಲ್ಕು ದಿನಗಳ ನೆನಪಾಗುತ್ತದೆ. ವಿಮಾನದ ಟಿಕೆಟ್ಟು, ವಸತಿ, ತಿಂಗಳ ಭತ್ಯೆ, ಆರೋಗ್ಯ ವಿಮೆ, ಗ್ರಂಥಾಲಯದ ಪ್ರವೇಶ, ಪ್ರಾಧ್ಯಾಪಕರೊಡನೆ ಸಂವಾದ, ಇವೆಲ್ಲವೂ ಆ ಪ್ರಕಟಣೆಗಳಲ್ಲಿ ಸವಿವರವಾಗಿ ಇರುತ್ತವೆ. ಮರಳಿದ ಮೇಲೆ ಏನು ಎಂಬ ಬಗ್ಗೆ ಹೆಚ್ಚೆಂದರೆ ‘ಹಳೆಯ ಫೆಲೋಗಳ ಜಾಗತಿಕ ಜಾಲದ ಸದಸ್ಯರಾಗುತ್ತೀರಿ’ ಎಂಬ ಒಂದು ಸಾಲು ಇದ್ದೀತು. ವ್ಯಕ್ತಿಯನ್ನು ಹುಡುಕಿ, ಆರಿಸಿ, ಕರೆದೊಯ್ದು, ಕಲಿಸಿ ಕಳುಹಿಸುವುದರಲ್ಲಿ ಈ ಇಡೀ ವ್ಯವಸ್ಥೆ ಚೆನ್ನಾಗಿ ಪಳಗಿದೆ. ಆತ ಅಥವಾ ಆಕೆ ಮರಳಿ ಸೇರಿಕೊಳ್ಳಬೇಕಾದ ಕೆಲಸವನ್ನು, ಆ ಕೆಲಸವನ್ನು ಹೊತ್ತುಕೊಂಡಿರುವ ಸಂಘಟನೆಯನ್ನು ಅದು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಈ ಫೆಲೋಶಿಪ್‌ಗಳೆಲ್ಲ ಒಂದೇ ಬಗೆಯವಲ್ಲ. 1953ರಲ್ಲಿ ಆರಂಭವಾದ ಐಸೆನ್‌ಹೋವರ್ ಫೆಲೋಶಿಪ್, 1978ರ ಹ್ಯೂಬರ್ಟ್ ಹಂಫ್ರಿ ಫೆಲೋಶಿಪ್, ಬ್ರಿಟನ್ 1983ರಿಂದ ಕೊಡುತ್ತಿರುವ ಚೆವ್ನಿಂಗ್ ವಿದ್ಯಾರ್ಥಿವೇತನ, ಇವೆಲ್ಲ ಸಾಮಾನ್ಯ ಅರ್ಥದಲ್ಲಿ ನಾಯಕತ್ವವನ್ನು ಬೆಳೆಸಲು ಹೊರಟವು. ಪ್ರಜಾಪ್ರಭುತ್ವ ಅವುಗಳ ಹಲವು ವಿಷಯಗಳಲ್ಲಿ ಒಂದು. ಪ್ರಜಾಪ್ರಭುತ್ವವನ್ನೇ ಮುಖ್ಯವಾಗಿ ಇಟ್ಟುಕೊಂಡವು ಆಮೇಲೆ ಬಂದವು. ಅಮೆರಿಕದ ಕಾಂಗ್ರೆಸ್ಸಿನ ನೆರವಿನಿಂದ 2001ರಲ್ಲಿ ಹುಟ್ಟಿದ ರೇಗನ್–ಫ್ಯಾಸೆಲ್ ಫೆಲೋಶಿಪ್‌ನ ಅವಧಿ ಐದು ತಿಂಗಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2005ರಿಂದ ನಡೆಯುತ್ತಿರುವ, ಮೊದಲು ಡ್ರೇಪರ್ ಹಿಲ್ಸ್ ಎಂಬ ಹೆಸರಿದ್ದ ಬೇಸಿಗೆ ಫೆಲೋಶಿಪ್ ಮೂರು ವಾರಗಳದ್ದು. ವರ್ಷಕ್ಕೆ ಇಪ್ಪತ್ತೈದು ಮೂವತ್ತು ಮಂದಿ, ಪಾಠ ಮಾಡುವವರಲ್ಲಿ ಲ್ಯಾರಿ ಡೈಮಂಡ್, ಫ್ರಾನ್ಸಿಸ್ ಫುಕುಯಾಮ ಅವರಂಥ ವಿದ್ವಾಂಸರು. ಯೇಲ್ ವಿಶ್ವವಿದ್ಯಾಲಯದ ವರ್ಲ್ಡ್ ಫೆಲೋಸ್ ಕಾರ್ಯಕ್ರಮ ಸುಮಾರು ನಾಲ್ಕು ತಿಂಗಳದ್ದು. 2014ರಲ್ಲಿ ಆರಂಭವಾದ ಮಂಡೇಲಾ ವಾಷಿಂಗ್ಟನ್ ಫೆಲೋಶಿಪ್ ಆಫ್ರಿಕದ ಯುವಜನರನ್ನು ಆರು ವಾರಗಳ ಮಟ್ಟಿಗೆ ಕರೆಸಿಕೊಂಡಿತು. ಮೊದಲ ವರ್ಷವೇ 500 ಮಂದಿ.

ಅವಧಿ ಉದ್ದವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಅರ್ಜಿದಾರರಲ್ಲಿ ಇದೆ. ನನಗೆ ಹಾಗೆ ಅನಿಸುವುದಿಲ್ಲ. ಚುನಾವಣಾ ಅಕ್ರಮಗಳ ಮೇಲೆ ಕಣ್ಣಿಡುವ ಪುಟ್ಟ ತಂಡವೊಂದರ ಮುಖ್ಯಸ್ಥೆ ಮೂರು ವಾರ ಹೊರಗಿದ್ದರೆ ಉಳಿದವರು ಹೇಗೋ ಸಂಭಾಳಿಸುತ್ತಾರೆ. ಅದೇ ಹತ್ತು ತಿಂಗಳು ಹೋದರೆ, ಒಂದೋ ಅವರ ಜಾಗಕ್ಕೆ ಬೇರೊಬ್ಬರು ಬಂದು ನೆಲೆಯೂರುತ್ತಾರೆ, ಇಲ್ಲವೇ ತಂಡವೇ ಚದುರಿಹೋಗುತ್ತದೆ. ಈ ಎರಡನೆಯ ಸಾಧ್ಯತೆಯ ಲೆಕ್ಕ ಯಾವ ವಾರ್ಷಿಕ ವರದಿಯಲ್ಲೂ ಬರುವುದಿಲ್ಲ, ಏಕೆಂದರೆ ವರದಿ ಬರೆಯುವವರು ಫೆಲೋಗಳನ್ನು ಎಣಿಸುತ್ತಾರೆ, ಅವರು ಬಿಟ್ಟುಹೋದ ಕಚೇರಿಗಳನ್ನು ಎಣಿಸುವುದಿಲ್ಲ.

ಆಯ್ಕೆಯ ಹಂತದಲ್ಲಿಯೇ ಈ ವಾಲಿಕೆ ಶುರುವಾಗುತ್ತದೆ. ಪರಿಚಯದ ಯುವಕ ಯುವತಿಯರು ತಮ್ಮ ಅರ್ಜಿಯ ಕರಡನ್ನು ಓದಿ ನೋಡುವಂತೆ ಆಗಾಗ ನನಗೆ ಕಳುಹಿಸುವುದುಂಟು. ‘ನಿಮ್ಮ ನಾಯಕತ್ವದಿಂದ ಬದಲಾವಣೆ ಸಾಧ್ಯವಾದ ಒಂದು ಸಂದರ್ಭವನ್ನು ವಿವರಿಸಿ’ ಎಂಬ ಪ್ರಶ್ನೆ ಬಹುತೇಕ ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಉತ್ತರಕ್ಕೆ ಪದಮಿತಿಯೂ ಇರುತ್ತದೆ. ಅಂಥದೊಂದು ಉತ್ತರದ ಮೊದಲ ಕರಡು ನನಗೆ ಬಹಳ ಹಿಡಿಸಿತ್ತು. ಸ್ಥಳೀಯ ಸಂಸ್ಥೆಯೊಂದರ ಆಯವ್ಯಯದ ಲೆಕ್ಕವನ್ನು ಸಾರ್ವಜನಿಕರಿಗೆ ಬಹಿರಂಗಪಡಿಸುವಂತೆ ಮಾಡಿದ ಕಥೆ ಅದು. ಯಾವ ಕಡತ ಯಾವ ಕಪಾಟಿನಲ್ಲಿದೆ ಎಂದು ತಿಳಿಸಿದ ಗುಮಾಸ್ತರು ಅದರಲ್ಲಿದ್ದರು. ಅಂಕಿ ಅಂಕಿ ಕೂಡಿಸಿ ಎಲ್ಲಿ ಹಣ ಎರಡು ಸಲ ಖರ್ಚು ಬಿದ್ದಿದೆ ಎಂದು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಟ್ಟ ನಿವೃತ್ತ ಲೆಕ್ಕಿಗರಿದ್ದರು. ವಾರವಾರವೂ ಸಭೆಗೆ ಬಂದು ಒಂದೇ ಪ್ರಶ್ನೆಯನ್ನು ಬಿಡದೆ ಕೇಳುತ್ತಿದ್ದ ಹೆಂಗಸರಿದ್ದರು. ಬೇರೆ ಯಾರೋ ಅನುಭವಿಗಳು ತಿದ್ದಿಕೊಟ್ಟ ನಂತರದ ಕರಡಿನಲ್ಲಿ ಗುಮಾಸ್ತರೂ ಇರಲಿಲ್ಲ, ಲೆಕ್ಕಿಗರೂ ಇರಲಿಲ್ಲ. ಅರ್ಜಿದಾರನೊಬ್ಬನೇ ಸಮಸ್ಯೆಯನ್ನು ಗುರುತಿಸಿ, ತಂತ್ರ ರೂಪಿಸಿ, ಪಾಲುದಾರರನ್ನು ಒಗ್ಗೂಡಿಸಿ, ಫಲ ಪಡೆದಿದ್ದ. ತಿದ್ದಿದವರ ತಪ್ಪೇನೂ ಇಲ್ಲ. ಆಯ್ಕೆ ಸಮಿತಿ ಏನನ್ನು ಓದಲು ಬಯಸುತ್ತದೆಂದು ಅವರಿಗೆ ಗೊತ್ತಿತ್ತು.

ಭಾಷೆಯ ಜರಡಿ ಇನ್ನೊಂದು. ಕಾರ್ಯಕ್ರಮ ನಡೆಯುವುದು ಇಂಗ್ಲಿಷಿನಲ್ಲಾದ್ದರಿಂದ ಆ ಭಾಷೆಯಲ್ಲಿ ಸರಾಗವಾಗಿ ವಾದಿಸಬಲ್ಲವರೇ ಬೇಕು ಎಂಬುದು ಮೇಲುನೋಟಕ್ಕೆ ನ್ಯಾಯವಾದ ಮಾತು. ಪರಿಣಾಮವಾಗಿ ರಾಜಧಾನಿಗಳಲ್ಲಿ ಓದಿದವರು, ಅಂತರರಾಷ್ಟ್ರೀಯ ಸಂಸ್ಥೆಗಳೊಡನೆ ಒಡನಾಟ ಇರುವವರು, ಒಮ್ಮೆ ಇಂಥದೇ ಕಾರ್ಯಕ್ರಮಕ್ಕೆ ಹೋಗಿಬಂದವರು ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಒಂದು ಫೆಲೋಶಿಪ್ ಮತ್ತೊಂದಕ್ಕೆ ಶಿಫಾರಸು ಪತ್ರವಾಗುತ್ತದೆ. ಹತ್ತು ವರ್ಷಗಳಲ್ಲಿ ಮೂರು ಖಂಡಗಳ ಫೆಲೋಶಿಪ್‌ಗಳನ್ನು ಕೊರಳಿಗೆ ಹಾಕಿಕೊಂಡು, ಸ್ವಂತ ಊರಿನ ಪೌರಸಭೆಯ ಒಂದು ನಿಯಮವನ್ನೂ ಬದಲಿಸದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಸಮ್ಮೇಳನಗಳಲ್ಲಿ ಬಹಳ ಚೆನ್ನಾಗಿ ಮಾತನಾಡುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ಈ ಕಾರ್ಯಕ್ರಮಗಳಿಂದ ಪ್ರಯೋಜನವಿಲ್ಲ ಎಂದು ನಾನು ವಾದಿಸುತ್ತಿಲ್ಲ. ಉಕ್ರೇನಿನ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪತ್ರಕರ್ತ ಮುಸ್ತಫಾ ನಯ್ಯೆಮ್ 2013ರ ನವೆಂಬರ್ 21ರಂದು ಫೇಸ್‌ಬುಕ್‌ನಲ್ಲಿ ಕೊಟ್ಟ ಕರೆಯಿಂದ ಕೀವ್ ನಗರದಲ್ಲಿ ಸರ್ಕಾರದ ವಿರುದ್ಧದ ಮೈದಾನ್ ಚಳವಳಿ ಆರಂಭವಾಯಿತು. ಮರುವರ್ಷದ ಅಕ್ಟೋಬರಿನಲ್ಲಿ ಅವರು, ಅವರ ಸಹೋದ್ಯೋಗಿ ಸೆರ್ಹಿಯ್ ಲೆಶ್ಚೆಂಕೊ, ನಾಗರಿಕ ಹಕ್ಕುಗಳ ಕಾರ್ಯಕರ್ತೆ ಸ್ವಿತ್ಲಾನಾ ಜಲಿಶ್ಚುಕ್, ಮೂವರೂ ಸಂಸತ್ತಿಗೆ ಆಯ್ಕೆಯಾದರು. ಮೂವರೂ ಸ್ಟ್ಯಾನ್‌ಫರ್ಡಿನ ಬೇಸಿಗೆ ಫೆಲೋಶಿಪ್ಪಿನಿಂದ ಬಂದವರು. ಇದನ್ನು ಹಿಡಿದು ಮೂರು ವಾರಗಳ ಪಾಠ ಮೂವರು ಸಂಸದರನ್ನು ತಯಾರಿಸಿತು ಎಂದು ಹೇಳಿಬಿಡುವುದು ಸುಲಭ. ಆದರೆ ನಯ್ಯೆಮ್ ಮತ್ತು ಲೆಶ್ಚೆಂಕೊ ‘ಉಕ್ರಾಯಿನ್ಸ್ಕಾ ಪ್ರಾವ್ದಾ’ ಎಂಬ ಅಂತರ್ಜಾಲ ಪತ್ರಿಕೆಯಲ್ಲಿ ವರ್ಷಗಟ್ಟಲೆ ಜೊತೆಯಾಗಿ ದುಡಿದವರು. ಅಭ್ಯರ್ಥಿಗಳ ಪ್ರಾಮಾಣಿಕತೆಯನ್ನು ಒರೆಗೆ ಹಚ್ಚುವ ‘ಚೆಸ್ನೊ’ ಆಂದೋಲನವನ್ನು ಕಟ್ಟಿದವರಲ್ಲಿ ಜಲಿಶ್ಚುಕ್ ಒಬ್ಬರು. ಫೆಲೋಶಿಪ್‌ಗೆ ಹೋಗುವ ಮೊದಲೇ ಅವರಿಗೆ ಒಂದು ಬಳಗವಿತ್ತು, ಒಂದು ಕೆಲಸವಿತ್ತು, ಓದುಗರಿದ್ದರು. ಮರಳಿದಾಗ ಅವೆಲ್ಲ ಅಲ್ಲೇ ಇದ್ದವು. ಬೇರೆ ದೇಶಗಳ ಅನುಭವ, ಸ್ನೇಹಿತರು, ಸಂಕಟದ ಹೊತ್ತಿನಲ್ಲಿ ದೂರವಾಣಿ ಎತ್ತಿಕೊಳ್ಳುವ ನಾಲ್ಕು ಜನ, ಇವಿಷ್ಟನ್ನು ಸ್ಟ್ಯಾನ್‌ಫರ್ಡ್ ಆ ಬಂಡವಾಳಕ್ಕೆ ಸೇರಿಸಿತು ಎನ್ನಬಹುದು.

ಅದೇ ವಿಶ್ವವಿದ್ಯಾಲಯ ಆಮೇಲೆ ಉಕ್ರೇನಿಗಾಗಿಯೇ ಇನ್ನೊಂದು ಕಾರ್ಯಕ್ರಮವನ್ನು ಆರಂಭಿಸಿತು. ವರ್ಷಕ್ಕೆ ಮೂವರು, ಒಂದು ಪೂರ್ಣ ಶೈಕ್ಷಣಿಕ ವರ್ಷ. 2017–18ರ ತಂಡದಲ್ಲಿ ಒಲೆಕ್ಸಾಂದ್ರಾ ಮಟ್ವಿಚುಕ್ ಇದ್ದರು. ಅವರು ಮುನ್ನಡೆಸುವ ‘ಸೆಂಟರ್ ಫಾರ್ ಸಿವಿಲ್ ಲಿಬರ್ಟೀಸ್’ 2007ರಲ್ಲಿ ಸ್ಥಾಪನೆಯಾದದ್ದು. ಯುದ್ಧಾಪರಾಧಗಳ ದಾಖಲೆಗಳನ್ನು ಕಲೆಹಾಕುವ ಅದರ ಕೆಲಸ ಅವರು ಹೋಗುವ ಮೊದಲೇ ಆರಂಭವಾಗಿತ್ತು, ಬಂದ ನಂತರ ಇನ್ನೂ ಹಿಗ್ಗಿತು. 2022ರ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಒಂದು ಪಾಲು ಬಂದದ್ದು ಈ ಸಂಸ್ಥೆಗೆ, ವ್ಯಕ್ತಿಗತವಾಗಿ ಮಟ್ವಿಚುಕ್ ಅವರಿಗಲ್ಲ. ಫೆಲೋಶಿಪ್‌ಗಳ ಪರಿಚಯ ಪತ್ರಗಳಲ್ಲಿ ಮಾತ್ರ ಅವರ ಭಾವಚಿತ್ರ ಮುಂದಿರುತ್ತದೆ, ಸಂಸ್ಥೆಯ ಹೆಸರು ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿರುತ್ತದೆ. ಮುಖ್ಯಸ್ಥೆ ಒಂದು ವರ್ಷ ಹೊರಗಿದ್ದರೂ ದಾಖಲೆ ಸಂಗ್ರಹ ನಿಲ್ಲದಂಥ ಸಂಸ್ಥೆಯನ್ನು ಕಟ್ಟಿದ್ದೇ ನನ್ನ ಮಟ್ಟಿಗೆ ನಾಯಕತ್ವದ ನಿಜವಾದ ಪುರಾವೆ. ಅದನ್ನು ಕೇಳುವ ಪ್ರಶ್ನೆ ನಾನು ಓದಿದ ಯಾವ ಅರ್ಜಿ ನಮೂನೆಯಲ್ಲೂ ಕಂಡಿಲ್ಲ.

ಇನ್ನು ಎದುರು ಉದಾಹರಣೆ. 1989ರ ಜೂನ್ 16ರಂದು ಬುಡಾಪೆಸ್ಟಿನ ವೀರರ ಚೌಕದಲ್ಲಿ, 1956ರ ದಂಗೆಯ ಕಾಲದಲ್ಲಿ ಪ್ರಧಾನಿಯಾಗಿದ್ದು ಆಮೇಲೆ ಗಲ್ಲಿಗೇರಿಸಲ್ಪಟ್ಟ ಇಮ್ರೆ ನಾಡ್ಜ್ ಅವರ ಮರುಸಂಸ್ಕಾರದ ದಿನ, ಸೋವಿಯತ್ ಪಡೆಗಳು ಹಂಗೇರಿಯಿಂದ ಹೊರನಡೆಯಬೇಕೆಂದು ಸಾರಿದ ಯುವಕ ವಿಕ್ಟರ್ ಓರ್ಬಾನ್, ಅದೇ ವರ್ಷ ಹಂಗೇರಿ ಮೂಲದ ಅಮೆರಿಕದ ಧನಿಕ ಜಾರ್ಜ್ ಸೊರೊಸ್ ಅವರ ಪ್ರತಿಷ್ಠಾನದ ನೆರವಿನಿಂದ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿಗೆ ಹೋದರು. ಅಧ್ಯಯನದ ವಿಷಯ, ಯುರೋಪಿನ ರಾಜಕೀಯ ಚಿಂತನೆಯಲ್ಲಿ ನಾಗರಿಕ ಸಮಾಜದ ಪರಿಕಲ್ಪನೆ. ಓದನ್ನು ಅರ್ಧಕ್ಕೇ ಬಿಟ್ಟು 1990ರ ಚುನಾವಣೆಗೆಂದು ಮರಳಿದರು. ಉದಯೋನ್ಮುಖ ಪ್ರಜಾಪ್ರಭುತ್ವ ನಾಯಕ ಎಂಬ ಮಾತಿಗೆ ಅಂದು ಅವರಿಗಿಂತ ಹೊಂದುವವರು ಯುರೋಪಿನಲ್ಲಿ ಹೆಚ್ಚು ಮಂದಿ ಇರಲಿಲ್ಲ. ಅದೇ ಓರ್ಬಾನ್ 2010ರಲ್ಲಿ ಎರಡನೆಯ ಬಾರಿ ಪ್ರಧಾನಿಯಾಗಿ ಅಧಿಕಾರ ಹಿಡಿದು, 2014ರಲ್ಲಿ ತಾವು ಕಟ್ಟುತ್ತಿರುವುದು ಉದಾರವಾದಿಯಲ್ಲದ ರಾಷ್ಟ್ರ ಎಂದು ಬಹಿರಂಗವಾಗಿ ಹೇಳಿದರು. ಸೊರೊಸ್ ಸ್ಥಾಪಿಸಿದ ಸೆಂಟ್ರಲ್ ಯುರೋಪಿಯನ್ ವಿಶ್ವವಿದ್ಯಾಲಯವನ್ನೇ ಗುರಿಯಾಗಿಸಿಕೊಂಡಂತಿದ್ದ ಕಾನೂನು 2017ರಲ್ಲಿ ಬಂತು. 2019ರಲ್ಲಿ ಆ ವಿಶ್ವವಿದ್ಯಾಲಯ ಬೋಧನೆಯನ್ನು ವಿಯೆನ್ನಾಕ್ಕೆ ಸಾಗಿಸಬೇಕಾಯಿತು.

ಸೊರೊಸ್ ಆಯ್ಕೆಯಲ್ಲಿ ಎಡವಿದರು ಎಂದು ನಗುವವರಿದ್ದಾರೆ. ಅಂದಿನ ಓರ್ಬಾನ್ ಅವರನ್ನು ಯಾವ ಸಮಿತಿಯೂ ತಿರಸ್ಕರಿಸುತ್ತಿರಲಿಲ್ಲ, ತಿರಸ್ಕರಿಸಲು ಕಾರಣವೂ ಇರಲಿಲ್ಲ. ಅಧಿಕಾರ ಕೈಗೆ ಬಂದ ಮೇಲೆ ಒಬ್ಬ ಮನುಷ್ಯ ಹೇಗಾಗುತ್ತಾನೆಂಬುದನ್ನು ಪ್ರಬಂಧ ಮತ್ತು ಸಂದರ್ಶನಗಳಿಂದ ಕಂಡುಹಿಡಿಯುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಜಾರ್ಜಿಯಾದ ಮಿಖೈಲ್ ಸಾಕಶ್ವಿಲಿ ಅವರದು ಇನ್ನೂ ಜಟಿಲವಾದ ಪ್ರಕರಣ. ಅಮೆರಿಕ ಸರ್ಕಾರದ ಮಸ್ಕಿ ಫೆಲೋಶಿಪ್ ಪಡೆದು 1994ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ ಅವರು, 2003ರ ಗುಲಾಬಿ ಕ್ರಾಂತಿಯ ನಂತರ ಅಧ್ಯಕ್ಷರಾಗಿ, ಲಂಚಕ್ಕೆ ಹೆಸರಾಗಿದ್ದ ಸಂಚಾರಿ ಪೊಲೀಸ್ ಪಡೆಯನ್ನೇ ವಜಾ ಮಾಡಿ ಹೊಸದಾಗಿ ಕಟ್ಟಿದರು. 2012ರಲ್ಲಿ ಸೆರೆಮನೆಗಳೊಳಗಿನ ಚಿತ್ರಹಿಂಸೆಯ ದೃಶ್ಯಗಳು ಹೊರಬಿದ್ದಾಗ ಅವರ ಪಕ್ಷ ಚುನಾವಣೆಯಲ್ಲಿ ಸೋತಿತು. ಸೋಲನ್ನು ಅವರು ಒಪ್ಪಿಕೊಂಡದ್ದೂ ದಾಖಲೆಯಲ್ಲಿದೆ. ಒಬ್ಬನೇ ವ್ಯಕ್ತಿಯ ಲೆಕ್ಕದಲ್ಲಿ ಜಮೆಯೂ ಇದೆ, ಖರ್ಚೂ ಇದೆ. ಫೆಲೋಶಿಪ್‌ನವರು ಯಾವುದರ ಕೆಳಗೆ ಸಹಿ ಹಾಕಬೇಕು?

ವ್ಯಕ್ತಿಯ ಮೇಲೆ ಇಷ್ಟೊಂದು ಬೆಳಕು ಚೆಲ್ಲುವುದರಿಂದ ಆಗುವ ಇನ್ನೊಂದು ಅನಾಹುತವೆಂದರೆ ಹಣೆಪಟ್ಟಿ. ರಷ್ಯಾದ ವಿರೋಧಪಕ್ಷದ ನಾಯಕ ಅಲೆಕ್ಸಿ ನವಾಲ್ನಿ 2010ರಲ್ಲಿ ಯೇಲ್ ವರ್ಲ್ಡ್ ಫೆಲೋ ಆಗಿದ್ದರು. ಅವರ ಹಿಂದಿನ ವರ್ಷ ವೆನೆಜುವೆಲಾದ ವಿರೋಧಪಕ್ಷದ ನಾಯಕಿ ಮರಿಯಾ ಕೊರಿನಾ ಮಚಾಡೊ ಅದೇ ಕಾರ್ಯಕ್ರಮದಲ್ಲಿದ್ದರು. ಮಚಾಡೊ ಅವರಿಗೆ 2025ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನವಾಲ್ನಿ ಮರಳಿ ಬಂದು 2011ರಲ್ಲಿ ಭ್ರಷ್ಟಾಚಾರ ವಿರೋಧಿ ಪ್ರತಿಷ್ಠಾನವನ್ನು ಕಟ್ಟಿದರು, ಮತ್ತು 2024ರ ಫೆಬ್ರವರಿ 16ರಂದು ಆರ್ಕ್‌ಟಿಕ್ ವಲಯದ ಸೆರೆಮನೆಯಲ್ಲಿ ತೀರಿಕೊಂಡರು. ಯೇಲ್‌ನಲ್ಲಿ ಕಳೆದ ಆ ನಾಲ್ಕು ತಿಂಗಳನ್ನು ಅವರ ವಿರೋಧಿಗಳು ಕೊನೆಯವರೆಗೂ ಬಿಡಲಿಲ್ಲ. ಅಮೆರಿಕದ ಬೇಹುಗಾರಿಕೆ ಸಂಸ್ಥೆ ತರಬೇತಿ ಕೊಟ್ಟು ಕಳುಹಿಸಿದ ಮನುಷ್ಯ ಎಂಬ ಪ್ರಚಾರಕ್ಕೆ ಅದೇ ಸಾಕ್ಷಿಯಾಯಿತು. 2025ರ ಜುಲೈನಲ್ಲಿ ರಷ್ಯಾ ಯೇಲ್ ವಿಶ್ವವಿದ್ಯಾಲಯವನ್ನೇ ‘ಅನಪೇಕ್ಷಿತ ಸಂಸ್ಥೆ’ಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಮೊಟ್ಟಮೊದಲು, 2015ರಲ್ಲಿ, ಸೇರಿದ್ದು ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ. ಶೇಕಡಾ 20ಕ್ಕಿಂತ ಹೆಚ್ಚಿನ ಹಣ ಹೊರದೇಶದಿಂದ ಬರುವ ಸಂಘಟನೆಗಳು ವಿದೇಶಿ ಶಕ್ತಿಯ ಹಿತ ಕಾಯುವವೆಂದು ನೋಂದಾಯಿಸಿಕೊಳ್ಳಬೇಕೆಂಬ ಕಾನೂನನ್ನು ಜಾರ್ಜಿಯಾ 2024ರಲ್ಲಿ ತಂದಿತು.

ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಎಂಬಂತೆ, ಸುಧಾರಣೆಯೇ ಬೇಡವಾದ ಸರ್ಕಾರಕ್ಕೆ ಫೆಲೋಶಿಪ್ ಒಂದು ನೆಪ. ಅದಿಲ್ಲದಿದ್ದರೆ ತೆರಿಗೆ ಇದೆ, ಕಟ್ಟಡ ಪರವಾನಗಿ ಇದೆ. ಹಾಗೆಂದು ಹಣ ಯಾರದು ಎಂಬ ಪ್ರಶ್ನೆಯನ್ನು ಸಾರಾಸಗಟಾಗಿ ತಳ್ಳಿಹಾಕುವುದನ್ನೂ ನಾನು ಒಪ್ಪುವುದಿಲ್ಲ. ಒಂದು ದೇಶದ ಶಾಸಕಾಂಗ ಮಂಜೂರು ಮಾಡಿದ ಹಣದಲ್ಲಿ ಇನ್ನೊಂದು ದೇಶದ ರಾಜಕೀಯ ಕಾರ್ಯಕರ್ತರು ಓದಿ ಬರುವಾಗ, ಅವರ ಊರಿನ ಸಾಮಾನ್ಯ ಮತದಾರನಿಗೆ ಅನುಮಾನ ಬರುವುದು ಸಹಜ. ಯಾರ ಹಣ, ಎಷ್ಟು, ಯಾವ ಷರತ್ತಿನ ಮೇಲೆ ಎಂಬುದನ್ನು ಹೋಗುವ ಮೊದಲೇ ತಾವಾಗಿ ಪ್ರಕಟಿಸುವ ಫೆಲೋಗಳನ್ನು ಕಂಡರೆ ನನಗೆ ಗೌರವ ಹೆಚ್ಚು. ಅದರಿಂದ ವಿರೋಧಿಗಳ ಬಾಯಿ ಮುಚ್ಚುವುದಿಲ್ಲ. ತಮ್ಮವರ ಮನಸ್ಸಿನ ಅನುಮಾನ ಮಾತ್ರ ಕಡಿಮೆಯಾಗುತ್ತದೆ, ಅಷ್ಟು ಸಾಕು.

ಮರಳುವಿಕೆಯ ವಿಷಯದಲ್ಲಿ ನಿಯಮಗಳು ಇಲ್ಲವೆಂದಲ್ಲ. ಚೆವ್ನಿಂಗ್ ಪಡೆದವರು ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಮ್ಮ ದೇಶದಲ್ಲಿ ಇರಬೇಕು. ಅಮೆರಿಕದ ಸರ್ಕಾರಿ ಹಣದಿಂದ ವಿನಿಮಯ ವೀಸಾದ ಮೇಲೆ ಹೋದವರಿಗೂ ಅಂಥದೇ ಎರಡು ವರ್ಷಗಳ ಕಟ್ಟುಪಾಡು ಇದೆ. ಪ್ರತಿಭೆ ಶ್ರೀಮಂತ ದೇಶಗಳಿಗೆ ಹರಿದುಹೋಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ ನಿಯಮ ಅದು. ವೈದ್ಯರಿಗೆ, ಇಂಜಿನಿಯರುಗಳಿಗೆ ಸರಿಯಾಗಿಯೇ ಹೊಂದುತ್ತದೆ. ಆದರೆ ಸುಧಾರಣೆಗೆ ದುಡಿಯುವ ಕಾರ್ಯಕರ್ತೆಯೊಬ್ಬರು ಹೊರಗಿರುವಾಗಲೇ ಊರಿನಲ್ಲಿ ಅವರ ಕಚೇರಿಗೆ ಬೀಗ ಬಿದ್ದು, ಸಹೋದ್ಯೋಗಿಗಳ ಮೇಲೆ ಮೊಕದ್ದಮೆ ಹೂಡಿದ್ದರೆ? ಅತ್ತ ದರಿ, ಇತ್ತ ಪುಲಿ. ಅಪಾಯದಲ್ಲಿರುವ ವಿದ್ವಾಂಸರಿಗೆ ಆಸರೆ ಹುಡುಕಿಕೊಡುವ ‘ಸ್ಕಾಲರ್ಸ್ ಅಟ್ ರಿಸ್ಕ್’ನಂಥ ಜಾಲ 1999ರಿಂದ ಇದೆ. ಆದರೆ ಆಸರೆಯ ಫೆಲೋಶಿಪ್ ಬೇರೆ, ಬೆಳವಣಿಗೆಯ ಫೆಲೋಶಿಪ್ ಬೇರೆ. ಒಂದಕ್ಕೆ ಹೋದವರು ಇನ್ನೊಂದಕ್ಕೆ ಜಾರಿಬಿಟ್ಟಾಗ, ದೇಶಾಂತರದಲ್ಲಿ ಒಂದರ ಬೆನ್ನಿಗೆ ಒಂದು ತಾತ್ಕಾಲಿಕ ಹುದ್ದೆ ಹುಡುಕುತ್ತ, ಮೊದಲು ಭಾಷೆಯ ಮೇಲಿನ ಹಿಡಿತವನ್ನಲ್ಲದಿದ್ದರೂ ದಿನನಿತ್ಯದ ಸಂಗತಿಗಳ ಮೇಲಿನ ಹಿಡಿತವನ್ನು ಕಳೆದುಕೊಳ್ಳುತ್ತಾರೆ. ಯಾವ ಅಧಿಕಾರಿ ವರ್ಗವಾದ, ಯಾವ ಪತ್ರಿಕೆ ಮಾರಾಟವಾಯಿತು, ಯಾರು ಯಾರ ಜೊತೆ ಮಾತು ಬಿಟ್ಟರು ಎಂಬುದು ತಿಳಿಯದವರು ಸುಧಾರಣೆಯ ಬಗ್ಗೆ ಬರೆಯಬಹುದು, ಮಾಡುವುದು ಕಷ್ಟ.

ಹಣದ ಮೂಲ ಒಂದೇ ಕಡೆ ಇದ್ದರೆ ಏನಾಗುತ್ತದೆಂಬುದು 2025ರಲ್ಲಿ ಗೊತ್ತಾಯಿತು. ವರ್ಷದ ಆರಂಭದಲ್ಲಿಯೇ ಅಮೆರಿಕ ಸರ್ಕಾರ ನ್ಯಾಷನಲ್ ಎಂಡೋಮೆಂಟ್‌ಗೆ ಕಾಂಗ್ರೆಸ್ ಮಂಜೂರು ಮಾಡಿದ್ದ ಹಣವನ್ನು ತಡೆಹಿಡಿಯಿತು. ಮಾರ್ಚ್ ತಿಂಗಳಲ್ಲಿ ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಜುಲೈ 1ಕ್ಕೆ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್ಏಡ್ ಮುಚ್ಚಿತು. ಪ್ರಜಾಪ್ರಭುತ್ವಕ್ಕೆಂದು ಬರುವ ನೆರವನ್ನು ವಿದೇಶಿ ಪಿತೂರಿ ಎಂದು ಬೈಯುತ್ತಿದ್ದ ಸರ್ಕಾರಗಳಿಗೆ ಮಾಡಲಾಗದಿದ್ದ ಕೆಲಸವನ್ನು ಕೊಡುವ ದೇಶವೇ ಮಾಡಿಕೊಟ್ಟಿತು.

ಈಗ ಉಳಿದಿರುವ ಕಡಿಮೆ ಹಣವನ್ನು ಹೇಗೆ ಹಂಚಬೇಕೆಂದು ನನ್ನನ್ನು ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ, ಒಂದು ವರ್ಷದ ವಾಸವನ್ನು ಮೂರು ವಾರಕ್ಕೆ ಇಳಿಸಿ ಎನ್ನುತ್ತೇನೆ. ಉಳಿದ ಹಣದಲ್ಲಿ, ಮುಖ್ಯಸ್ಥರು ಹೊರಗಿರುವಾಗ ಅವರ ಜಾಗದಲ್ಲಿ ದುಡಿಯುವವರಿಗೆ ಸಂಬಳ ಕೊಡಬಹುದು. ಮರಳಿದ ಮೊದಲ ಹನ್ನೆರಡು ತಿಂಗಳಿಗೆ ಅರ್ಧ ಭತ್ಯೆ ಕೊಡಬಹುದು. ಪ್ರಾಧ್ಯಾಪಕರೇ ಒಮ್ಮೆ ಅಲ್ಲಿಗೆ ಹೋಗಿ, ತಾವು ಕಲಿಸಿದ್ದು ಆ ಕಚೇರಿಯ ಮೇಜಿನ ಮೇಲೆ ಯಾವ ರೂಪದಲ್ಲಿದೆಯೆಂದು ನೋಡಿಬರಬಹುದು. ಬಂಧನವಾದರೆ ವಕೀಲರ ಶುಲ್ಕ ಯಾರು ಕೊಡುತ್ತಾರೆಂಬುದು ಒಪ್ಪಂದದಲ್ಲಿಯೇ ಇರಬೇಕು. ಶಿಫಾರಸು ಪತ್ರವನ್ನು ಮೇಲಧಿಕಾರಿಯಿಂದ ಮಾತ್ರವಲ್ಲದೆ ಅರ್ಜಿದಾರರ ಕೈಕೆಳಗೆ ದುಡಿಯುವ ಒಬ್ಬರಿಂದಲೂ ಪಡೆಯಬೇಕು. ಆ ಪತ್ರ ಅರ್ಜಿದಾರರ ಭಾಷೆಯಲ್ಲೇ ಇರಲಿ, ಅನುವಾದದ ಖರ್ಚನ್ನು ಕಾರ್ಯಕ್ರಮದವರು ಭರಿಸಲಿ.

ಇದೆಲ್ಲ ಆಗುವವರೆಗೆ, ಅರ್ಜಿಯ ಕರಡು ತೋರಿಸುವವರಿಗೆ ನಾನು ಹೇಳುವುದು ಬಹಳ ಸಾಮಾನ್ಯವಾದ ಮಾತು. ಹೊರಡುವ ಮೊದಲು ಸಂಸ್ಥೆಯ ಚೆಕ್ಕಿಗೆ ಸಹಿ ಹಾಕುವ ಅಧಿಕಾರವನ್ನು ಇಬ್ಬರಿಗೆ ವಹಿಸಿ, ನಿರ್ಣಯವನ್ನು ಸಭೆಯ ನಡಾವಳಿಯಲ್ಲಿ ಬರೆಸಿ. ಇಮೇಲ್ ಮತ್ತು ದಾಖಲೆಗಳ ಪಾಸ್‌ವರ್ಡ್ ಯಾರ ಬಳಿ ಇರುತ್ತದೆಂದು ಗೊತ್ತುಮಾಡಿ. ಪತ್ರಿಕೆಯವರು ಕೇಳಿದರೆ ಯಾರು ಮಾತನಾಡಬೇಕು, ಯಾರು ಮಾತನಾಡಬಾರದು ಎಂಬುದು ತೀರ್ಮಾನವಾಗಲಿ. ಫೆಲೋಶಿಪ್‌ನ ಪತ್ರ, ಭತ್ಯೆಯ ಮೊತ್ತ, ಹಣ ಜಮೆಯಾಗುವ ಖಾತೆಯ ವಿವರಗಳ ಒಂದೊಂದು ಪ್ರತಿಯನ್ನು ಲೆಕ್ಕಪರಿಶೋಧಕರಿಗೂ ವಕೀಲರಿಗೂ ಕೊಟ್ಟಿರಿ. ಮರಳುವ ವಿಮಾನದ ಸಂಖ್ಯೆ, ಇಳಿಯುವ ಹೊತ್ತು ಕನಿಷ್ಠ ಮೂವರಿಗೆ ತಿಳಿದಿರಲಿ. ಅವರಲ್ಲಿ ಒಬ್ಬರು ದೇಶದ ಹೊರಗೆ ಇರುವವರಾಗಲಿ.